ಬೂತಾಯಿ ಸಿಗದ ಊರು

ಅತ್ತೆ ಉಡುಪಿಯಿಂದ ದುಬೈಗೆ ಬಂದಾಗಿನಿಂದ ಆಸೆಪಟ್ಟು ಕೇಳುತ್ತಿದ್ದುದು ನಮ್ಮ ಕರಾವಳಿಯ ಸಣ್ಣ ಬೂತಾಯಿ ಮೀನನ್ನು. ಅದನ್ನು ಹುರಿದರೆ ವಾಸನೆ ಡಿಸ್ಕವರಿ ಗಾರ್ಡನ್ಸಿನ ನಮ್ಮ ಕಟ್ಟಡದ ಲಿಫ್ಟಿನವರೆಗೂ ಹರಡುತ್ತದೆಂಬ ಅಂಜಿಕೆ ನನಗೆ. "ಇಲ್ಲಿ ಬೂತಾಯಿ ಸಿಕ್ಕುದಿಲ್ಲ ಅತ್ತೆ" ಎಂದು ಹೇಳಿ ದೊಡ್ಡ ಹಮ್ಮೂರ್ ಮೀನನ್ನೇ ತರುತ್ತಿದ್ದೆ.

ಒಂದು ಸಂಜೆ ಮಗಳು ಅತ್ತೆಯ ಪಕ್ಕ ಕೂತು ಶಾಲೆಗಾಗಿ ಸಮುದ್ರದ ಆಹಾರ ಸರಪಳಿಯ ಚಿತ್ರ ಬಿಡಿಸುತ್ತಿದ್ದಳು. ಬಿಸಿಲಿನಿಂದ ಬೆಳೆಯುವ ಪಾಚಿ, ಅದನ್ನು ತಿನ್ನುವ ಬೂತಾಯಿ, ಬೂತಾಯಿಯನ್ನು ತಿನ್ನುವ ಹಮ್ಮೂರ್, ಕೊನೆಗೆ ನಾವು.

"ಪ್ರತಿ ಸ್ಟೆಪ್‌ನಲ್ಲಿ ಹತ್ತರಲ್ಲಿ ಒಂದು ಪಾಲು ಎನರ್ಜಿ ಮಾತ್ರ ಮೇಲೆ ಹೋಗ್ತದೆ ಅಜ್ಜಿ. ಉಳಿದದ್ದು ಮೀನು ಈಜುವುದಕ್ಕೆ, ಉಸಿರಾಡುವುದಕ್ಕೇ ಖರ್ಚು. ಹೀಟ್ ಆಗಿ ಹೋಗ್ತದೆ."

"ಹಾಗಾದ್ರೆ ಬೂತಾಯಿಯನ್ನೇ ತಿಂದ್ರೆ ಹೆಚ್ಚು ಜನರ ಹೊಟ್ಟೆ ತುಂಬ್ತದಲ್ಲ ಮಗಾ?"

"ಯೆಸ್. ಮಾರ್ಕೆಟ್‌ನಲ್ಲಿ ರಾಶಿ ಇರ್ತದೆ. ಬಟ್ ಸ್ಮೆಲ್ ಬಂದ್ರೆ ನೈಬರ್ಸ್ ಏನು ಹೇಳ್ತಾರೆ ಅಂತ ಅಮ್ಮ ತರುದಿಲ್ಲ."

ಅತ್ತೆ ನನ್ನ ಕಡೆ ನೋಡಲಿಲ್ಲ. "ಇರ್ಲಿ, ಹಮ್ಮೂರ್ ಸಹ ರುಚಿ ಉಂಟು" ಎಂದು ಮೊಮ್ಮಗಳಿಗೆ ಬಣ್ಣದ ಪೆನ್ಸಿಲ್ ಎತ್ತಿಕೊಟ್ಟರು. ಬೈದಿದ್ದರೆ ಸಹಿಸಬಹುದಿತ್ತು. ಮುಖ ಬಿಸಿಯಾಗಿ, ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ತಿರುಗಿಸಿ ನಿಂತೆ. ಬೂತಾಯಿ ತಿಂದೇ ಬೆಳೆದವಳು ನಾನು.

ಮರುದಿನ ಬೂತಾಯಿ ತಂದು ಕಿಟಕಿ ತೆರೆದು ಹುರಿದೆ. ಅತ್ತೆ ಮುಳ್ಳು ಬಿಡಿಸುತ್ತ ನಿಧಾನವಾಗಿ ಉಂಡರು. ಎಲ್ಲಿ ಸಿಕ್ಕಿತೆಂದು ಅವರು ಒಮ್ಮೆ ಕೇಳಿದ್ದರೆ ತಪ್ಪಾಯಿತೆಂದು ಹೇಳುತ್ತಿದ್ದೆ. ಅವರು ಕೇಳಲಿಲ್ಲ, ನನಗೂ ತಲೆ ಎತ್ತಲಾಗಲಿಲ್ಲ.