ರೊಪ್ಪಕ್ಕೆ ಬಂದ ನಾಯಿಮರಿ

ನಾನು ಚಿಕ್ಕವನಿದ್ದಾಗ ನಮ್ಮೂರು ಕೋಗಿಲಿನಲ್ಲಿ ಬೆಳಗಾಗುತ್ತಿದ್ದುದೇ ಕುರಿಗಳ ಕೂಗಿನಿಂದ. ಮೊದಲು ಮುಖ ತೊಳೆಯಬೇಕು, ಆಮೇಲೆ ರೊಪ್ಪ ಗುಡಿಸಬೇಕು, ಅದಾದ ಮೇಲೆಯೇ ರಾಗಿ ಅಂಬಲಿ. ರೊಪ್ಪ ಅಂದರೆ ಮನೆಯ ಹಿಂದೆ ಮುಳ್ಳುಬೇಲಿ ಕಟ್ಟಿ ಕುರಿ ಕೂಡಿಹಾಕುತ್ತಿದ್ದ ಜಾಗ. ಆ ಬೇಸಿಗೆಯಲ್ಲಿ ತೋಳವೊಂದು ಬೇಲಿ ಹಾರಿ ಕುರಿಮರಿಗಳನ್ನು ಹೊತ್ತೊಯ್ಯತೊಡಗಿತು. "ಇಂಗೇ ಆದ್ರೆ ಎಲ್ಲಾ ಕುರಿ ಮಾರ್ಬಿಡ್ತೀನಿ" ಎಂದರು ಅಪ್ಪ.

ಒಂದು ಬೆಳಿಗ್ಗೆ ಅವರು ಅಲ್ಲಾಳಸಂದ್ರದ ಕುರಿಗಾಹಿಯೊಬ್ಬರಿಂದ ನಾಯಿಮರಿ ತಂದರು. ಕಂಬಳಿಯೊಳಗೆ ಕಂದು ಬಣ್ಣದ ಬೆಚ್ಚನೆಯ ಮುದ್ದೆ. ಅಕ್ಕ ಓಡಿ ಬಂದು ಕೈ ಚಾಚಿದಳು.

"ಮುಟ್ಬೇಡ! ಇದು ಕುರಿ ಜೊತೆ ಬೆಳೀಬೇಕು, ಆಗ್ಲೇ ತೋಳ ಬಂದ್ರೆ ಕುರಿ ಬಿಟ್ಟು ಕದಲಲ್ಲ. ನಮ್ಮ ಕೈ ರೂಢಿಯಾದ್ರೆ ಮನೆ ಬಾಗ್ಲಲ್ಲೇ ಬಿದ್ದಿರ್ತದೆ" ಎಂದರು ಅಪ್ಪ.

ಮರಿ ಕಳೆದುಕೊಂಡಿದ್ದ ಕುರಿಯೊಂದರ ಕೆಚ್ಚಲು ಇನ್ನೂ ತುಂಬಿತ್ತು. ಕುರಿಗೆ ತನ್ನ ಮರಿಯದೇ ವಾಸನೆ ಅನಿಸಲೆಂದು ಅಪ್ಪ ಅದರ ಹಾಲು ಹಿಂಡಿ ನಾಯಿಮರಿಯ ಮೈಗೆಲ್ಲ ಸವರಿ, ರೊಪ್ಪದೊಳಗೆ ಬಿಟ್ಟರು. ಕುರಿ ತಲೆ ತಗ್ಗಿಸಿ ಗುದ್ದಿತು. ನಾಯಿಮರಿ ಉರುಳಿಬಿದ್ದು ಕುಂಯ್ ಕುಂಯ್ ಎಂದಿತು. "ನೀನು ಹೊರಗೆ ಕೂತು ನೋಡ್ಕೋ. ಕುರಿ ತುಳಿಯಕ್ಕೆ ಬಂದ್ರೆ ಮಾತ್ರ ಕೂಗು" ಎಂದು ನನಗೆ ಹೇಳಿ ಹೊಲಕ್ಕೆ ಹೋದರು.

ನಾಯಿಮರಿ ಮುಳ್ಳಿನ ಸಂದಿಯಲ್ಲಿ ಒದ್ದೆ ಮೂಗು ತೂರಿಸಿ ನನ್ನನ್ನೇ ನೋಡಿ ಅಳುತ್ತಿತ್ತು. ನಾನು ಎರಡೂ ಕೈಗಳನ್ನು ತೊಡೆಯಡಿ ಒತ್ತಿಕೊಂಡು ಕೂತೆ.

"ಎತ್ಕೊಂಡು ಬಾರೋ, ಅಪ್ಪ ಇಲ್ವಲ್ಲ. ಕಲ್ಲು ಕಣೋ ನೀನು!" ಅಂದಳು ಅಕ್ಕ.

"ಕುರಿ ಮಾರಿದ ದಿನ ನೀನೇ ಅಳೋದು, ಹೋಗಕ್ಕ" ಅಂದೆ.

ನನ್ನನ್ನು ಕಂಡಷ್ಟೂ ಅದರ ಅಳು ಜೋರಾಗುತ್ತಿತ್ತು. ಎದ್ದು ಹುಣಸೆಮರದ ಮರೆಗೆ ಹೋಗಿ ನಿಂತೆ. ಅಲ್ಲಿಂದ ಕದಲಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಅಳು ನಿಂತಿತು. ಇಣುಕಿ ನೋಡಿದೆ. ಅದೇ ಕುರಿ ನಾಯಿಮರಿಯ ಬೆನ್ನು ಮೂಸಿತು, ಮತ್ತೆ ಮೂಸಿತು, ಆಮೇಲೆ ನೆಕ್ಕತೊಡಗಿತು. ನಾಯಿಮರಿ ಅದರ ಉಣ್ಣೆಯೊಳಗೆ ಮುಖ ಹುದುಗಿಸಿ ಮಲಗಿತು.

ಹೊಲದಿಂದ ಬಂದ ಅಪ್ಪ ಬಹಳ ಹೊತ್ತು ನೋಡಿದರು. "ಭೇಷ್ ಕಣ್ಲಾ ಮಗ. ಇದು ಇಲ್ಲೇ ನಿಲ್ತದೆ. ದೊಡ್ಡದಾಗೋಗಂಟ ನಾನೇ ರೊಪ್ಪದಲ್ಲಿ ಮಲಗ್ತೀನಿ. ಇನ್ನು ಕುರಿ ಮಾರೋ ಮಾತಿಲ್ಲ."

ಮಕ್ಕಳೇ, ಕೆಂಪಾಪುರದ ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ನಾಯಿ ಸೋಫಾದ ಮೇಲೆ ಮಲಗುತ್ತದೆ, ಲಿಫ್ಟಿನಲ್ಲಿ ಇಳಿದು ವಾಕಿಂಗ್ ಹೋಗುತ್ತದೆ, ಹೆಸರು ಕರೆದರೆ ಮಡಿಲಿಗೆ ಹಾರುತ್ತದೆ. ನಮ್ಮ ರೊಪ್ಪವಿದ್ದ ಜಾಗದಲ್ಲಿ ಈಗ ಸ್ಕೂಲ್ ಬಸ್ಸುಗಳು ನಿಲ್ಲುತ್ತವೆ. "ತಾತ, ನಿಮ್ಮ ನಾಯಿ ಹೆಸರೇನು?" ಎಂದು ಕೇಳುತ್ತೀರಿ. ನಾವು ಅದಕ್ಕೆ ಹೆಸರಿಡಲಿಲ್ಲ. ಇಟ್ಟಿದ್ದರೆ ಕರೆಯಬೇಕೆನಿಸುತ್ತಿತ್ತು. ಕರೆದಿದ್ದರೆ ಅದು ಕುರಿಗಳನ್ನು ಬಿಟ್ಟು ನಮ್ಮ ಹತ್ತಿರ ಬಂದುಬಿಡುತ್ತಿತ್ತು.