ಹುಲ್ಲಿಗೆ ಸೀರೆಯ ನೂಲು

ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ನಮ್ಮ ಸಾಸಲು ಕಡೆಯ ಊರುಗಳಲ್ಲಿ ಹುಲ್ಲು ಹೊರುವವರು ಸಿಗದಂತಾಯಿತು. ಬಣವೆ ಒಟ್ಟುವುದರಲ್ಲಿ ಹೆಸರುವಾಸಿಯಾಗಿದ್ದ ನಮ್ಮ ಪಕ್ಕದ ಹೊಲದವನು ನೀಲಿ ಅಂಗಿ ತೊಟ್ಟು, ಅಲ್ಲಿ ಪ್ರಯಾಣಿಕರ ಟ್ರಾಲಿಗಳನ್ನು ಒಂದರೊಳಗೊಂದು ತೂರಿಸಿ ಸಾಲಾಗಿ ನಿಲ್ಲಿಸುವ ಕೆಲಸಕ್ಕೆ ಸೇರಿಕೊಂಡ. ರಜೆಯಲ್ಲಿ ಬಂದಿದ್ದಾಗ, "ಅದೂ ಬಣವೆ ಒಟ್ದಂಗೇ ಕಣೋ. ಮೈ ನವೆ ಆಗಲ್ಲ, ಅಷ್ಟೇ ವ್ಯತ್ಯಾಸ" ಎಂದ. ಹೀಗಾಗಿ ನಾನು ಬೇಲರ್ ಕೊಂಡೆ.

ಬೇಲರ್ ಎಂದರೆ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಸಿಕೊಂಡು ಹೋಗುವ ಒಂದು ಕೆಂಪು ಡಬ್ಬ. ಹೊಲದಲ್ಲಿ ಬಿದ್ದಿರುವ ರಾಗಿ ಹುಲ್ಲನ್ನು ಗೋರಿಕೊಂಡು, ಹೊಟ್ಟೆಯೊಳಗೆ ಗಿರಗಿರನೆ ತಿರುಗಿಸಿ ಉರುಳೆ ಮಾಡಿ, ಅದರ ಮೈಮೇಲೆ ಹುರಿ ಸುತ್ತಿ, ಹಿಂಬಾಗಿಲು ತೆರೆದು ಕೆಳಗೆ ಹಾಕುತ್ತದೆ. ಮೊದಲ ಉರುಳೆ ಬಿದ್ದಾಗ ನನ್ನ ಅಮ್ಮ ಬದುವಿನ ಮೇಲೆ ನಿಂತು ನೋಡುತ್ತಿದ್ದಳು. "ಎಮ್ಮೆ ಸಗಣಿ ಹಾಕ್ದಂಗೇ ಹಾಕ್ತದಲ್ಲೋ!" ಎಂದಳು. ಯಂತ್ರದ ಬಗ್ಗೆ ಅವಳು ಆಡಿದ ಒಳ್ಳೆಯ ಮಾತು ಅದೊಂದೇ.

ಯಂತ್ರವನ್ನು ತಂದುಕೊಟ್ಟ ಮೆಕ್ಯಾನಿಕ್ ಅರ್ಧ ದಿನ ನಿಂತು ಎಲ್ಲವನ್ನೂ ವಿವರಿಸಿದ್ದ. ಹುರಿಯ ವಿಷಯವನ್ನು ಹೇಳುತ್ತಿದ್ದ ಹೊತ್ತಿನಲ್ಲಿ ನಾನು ಟ್ರ್ಯಾಕ್ಟರಿನ ಮೇಲೆ ಕೂತು ಹೆಂಡತಿಯ ಕೈಲಿ ಫೋಟೊ ತೆಗೆಸಿಕೊಳ್ಳುತ್ತಿದ್ದೆ. ಅವನು ಬಿಟ್ಟುಹೋದ ಎರಡು ಉಂಡೆ ಸೆಣಬಿನ ಹುರಿ ಹತ್ತು ದಿನಕ್ಕೆ ಮುಗಿಯಿತು. ಫೋನು ಮಾಡಿದರೆ, "ಸ್ಟಾಕ್ ಇಲ್ಲ ಸಾರ್, ಸಂಕ್ರಾಂತಿ ಕಳೀಲಿ" ಎಂದ. ಹುಲ್ಲು ಸಂಕ್ರಾಂತಿವರೆಗೂ ಕಾಯುತ್ತದೆಯೇ? ದೊಡ್ಡಬಳ್ಳಾಪುರದ ಒಂದು ಅಂಗಡಿಗೆ ಹೋಗಿ ಗಟ್ಟಿ ದಾರ ಬೇಕೆಂದೆ.

"ಏನ್ ಕಟ್ಟಕ್ಕೆ?" ಎಂದ ಅಂಗಡಿಯವನು.

"ಹುಲ್ಲು."

"ಯಾಕೆ, ಓಡೋಗ್ತದಾ?"

ಅವನು ಕೊಟ್ಟಿದ್ದು ಪೊಟ್ಟಣ ಕಟ್ಟುವ ದಾರ. ಯಂತ್ರ ಅದನ್ನು ಸೇಮಿಗೆಯ ಹಾಗೆ ತುಂಡು ತುಂಡು ಮಾಡಿತು.

ಈ ಸಂಕಟದ ನಡುವೆ ನನ್ನ ಬಾಮೈದ ಬಂದ. ಅವನು ನನ್ನ ಹೆಂಡತಿಯ ತಮ್ಮ. ದೊಡ್ಡಬಳ್ಳಾಪುರದಲ್ಲಿ ನಾಲ್ಕು ಮಗ್ಗ ಹಾಕಿಕೊಂಡು ಸೀರೆ ನೇಯಿಸುತ್ತಿದ್ದ. ಪ್ರಪಂಚದ ಯಾವ ತೊಂದರೆಯನ್ನಾದರೂ ನೂಲಿನಿಂದ ಬಗೆಹರಿಸಬಹುದೆಂಬುದು ಅವನ ನಂಬಿಕೆ. "ಏನ್ ಬಾವ, ನಮ್ಮೂರು ಪೂರ್ತಿ ದಾರದ ಮೇಲೇ ನಿಂತಿದೆ. ನೀವು ಒಂದು ದಾರ ಸಿಗ್ಲಿಲ್ಲ ಅಂತ ಅಳ್ತಾ ಕೂತಿದೀರಲ್ಲ" ಎಂದು ಬೈದು ಹೋದವನು ಮೂರನೆಯ ದಿನ ಗೋಣಿಚೀಲ ಹೊತ್ತುಕೊಂಡು ಬಂದ. ಯಾರೋ ಬೇಡವೆಂದು ಬಿಟ್ಟ ಸೀರೆ ಆರ್ಡರಿಗೆ ತರಿಸಿದ್ದ ಪಾಲಿಯೆಸ್ಟರ್ ನೂಲು ಅದು. ಹತ್ತಾರು ಎಳೆ ಸೇರಿಸಿ ಹುರಿ ಮಾಡಿಸಿದ್ದ. ಬಣ್ಣ ನೇರಳೆ. ನಡುನಡುವೆ ಜರಿಯ ಮಿಣುಕು.

ಅದರ ಬಲವನ್ನು ತೋರಿಸಲು ಕೊಟ್ಟಿಗೆಯ ತೊಲೆಗೆ ಹುರಿಯನ್ನು ಕಟ್ಟಿ, ಎರಡೂ ಕೈಯಲ್ಲಿ ಹಿಡಿದು, ಕಾಲು ಮಡಚಿಕೊಂಡು ನೇತಾಡಿದ. ಹಸು ಎದ್ದು ನಿಂತಿತು. "ಇಳಿಯೋ ಲೇ, ಭಾನುವಾರ ನಿನ್ನ ನೋಡೋಕೆ ಹೆಣ್ಣಿನ ಕಡೆಯೋರು ಬರ್ತಾರೆ" ಎಂದು ನನ್ನ ಹೆಂಡತಿ ಕೂಗಿದಳು. ಅವನು ಇಳಿಯಲಿಲ್ಲ. ನೇತಾಡುತ್ತಲೇ, "ಹರೀತಾ ಬಾವ? ಹೇಳಿ, ಹರೀತಾ?" ಎಂದು ಕೇಳಿದ.

ಹರಿಯಲಿಲ್ಲ. ಆದರೆ ಅಮ್ಮ ಆ ಹುರಿಯ ಒಂದು ತುದಿಯನ್ನು ತೆಗೆದುಕೊಂಡು ಮುಂಗೈಗೆ ನಾಲ್ಕು ಸುತ್ತು ಸುತ್ತಿ ಕೈ ಒದರಿದಳು. ಹುರಿ ಸರ್ರನೆ ಜಾರಿ ನೆಲಕ್ಕೆ ಬಿತ್ತು.

"ಇದಕ್ಕೆ ಹಿಡಿತ ಇಲ್ಲ ಕಣಪ್ಪ."

"ಗಂಟು ಹಾಕಿದ್ರೆ ನಿಲ್ಲುತ್ತೆ ಅತ್ತೆ" ಎಂದ ಬಾಮೈದ.

"ಆ ಮಿಷಿನ್ನು ಗಂಟು ಹಾಕ್ತದಾ?"

ಇಬ್ಬರೂ ನನ್ನತ್ತ ತಿರುಗಿದರು. ಬೇಲರಿನ ಮಾಲೀಕ ನಾನು. ಗೊತ್ತಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. "ಹಾಕ್ದೇ ಇರ್ತದಾ?" ಎಂದುಬಿಟ್ಟೆ.

ಮಾರನೆಯ ದಿನ ನಮ್ಮ ಹೊಲವನ್ನು ನೋಡಬೇಕಿತ್ತು. ಉರುಳೆಗಳೆಲ್ಲ ನೇರಳೆ ಪಟ್ಟಿ ಬಿಗಿದುಕೊಂಡು, ಬಿಸಿಲಿಗೆ ಮಿಂಚುತ್ತಾ, ಸಾಲಾಗಿ ಮಲಗಿದ್ದವು. ದಾರಿಯಲ್ಲಿ ಹೋಗುತ್ತಿದ್ದ ಮುದುಕಿಯೊಬ್ಬಳು ನಿಂತು, "ಯಾರ ಮನೇದಪ್ಪಾ ಸೀಮಂತ?" ಎಂದು ಕೇಳಿದಳು.

ಆ ವಾರವೇ ಒಂದು ಕಾರು ನಮ್ಮ ಹೊಲದ ಪಕ್ಕ ಗಕ್ಕನೆ ನಿಂತಿತು. ಕಪ್ಪು ಕನ್ನಡಕದ ಹುಡುಗಿಯೊಬ್ಬಳು ಇಳಿದು, ಚಪ್ಪಲಿಗೆ ಮಣ್ಣಾಗುವುದನ್ನೂ ಲೆಕ್ಕಿಸದೆ ಓಡಿಬಂದಳು. ದೇವನಹಳ್ಳಿ ಕಡೆ ಹೊಸದಾಗಿ ಎದ್ದಿದ್ದ ಒಂದು ರೆಸಾರ್ಟಿನಲ್ಲಿ ಮದುವೆಗಳನ್ನು ಅಲಂಕಾರ ಮಾಡಿಸುವುದು ಅವಳ ಕೆಲಸವಂತೆ.

"ಅಂಕಲ್, ಇದು ಎಲ್ಲಿ ಸಿಗುತ್ತೆ?"

"ಹೊಲದಲ್ಲಿ" ಎಂದೆ.

"ಅಲ್ಲ ಅಂಕಲ್, ಈ ಲ್ಯಾವೆಂಡರ್ ಕಲರ್ ದಾರ! ನಮ್ಮ ಥೀಮೇ ಇದು. ಶುಕ್ರವಾರ ಸಂಜೆ ಸಂಗೀತ್ ಫಂಕ್ಷನ್. ನಲವತ್ತು ಬೇಕು. ಗೆಸ್ಟ್‌ಗಳು ಇದರ ಮೇಲೆ ಕೂತ್ಕೋತಾರೆ."

ಅಮ್ಮನಿಗೆ ಮರುಕವಾಯಿತು. "ಪಾಪ, ಕುರ್ಚಿ ಇಲ್ವೇನಮ್ಮ ಅವರ ಮನೇಲಿ? ನಮ್ಮನೇಲಿ ನಾಲ್ಕಿದಾವೆ, ತಗೊಂಡೋಗು."

ಹುಡುಗಿ ಅಮ್ಮನನ್ನು ಅಪ್ಪಿಕೊಂಡಳು. ಉರುಳೆಗಳ ಫೋಟೊ ತೆಗೆದುಕೊಂಡಳು. ನಾನೂ ಒಂದರ ಪಕ್ಕ ನಿಂತೆ. "ಅಂಕಲ್, ಸ್ವಲ್ಪ ಆ ಕಡೆ" ಎಂದಳು. ಸರಿದೆ. "ಇನ್ನೂ ಸ್ವಲ್ಪ" ಎಂದಳು. ಕೊನೆಗೆ ಬದು ದಾಟಿ ನಿಂತೆ.

ಶುಕ್ರವಾರ ಮಧ್ಯಾಹ್ನ ನಾನು, ಬಾಮೈದ ಉರುಳೆಗಳನ್ನು ಟ್ರೈಲರಿಗೆ ಹೇರಿಕೊಂಡು ಹೊರಟೆವು. ಮದುವೆ ನೋಡಬೇಕೆಂದು ಅಮ್ಮನೂ ರೇಷ್ಮೆ ಸೀರೆ ಉಟ್ಟು ಹುಲ್ಲಿನ ಮೇಲೆ ಕೂತಳು. ರೆಸಾರ್ಟಿನ ಹಸಿರು ಹಾಸಿನ ಮೇಲೆ ನಲವತ್ತನ್ನೂ ನೆಟ್ಟಗೆ, ಮೊಳಕಾಲೆತ್ತರದ ಬೆತ್ತದ ಸ್ಟೂಲುಗಳಂತೆ ನಿಲ್ಲಿಸಿ, ಮೇಲೆ ಬಿಳಿ ಬಟ್ಟೆ ಹೊದಿಸಿದರು. ತಲೆಯ ಮೇಲೆ ಐದೈದು ನಿಮಿಷಕ್ಕೆ ಒಂದು ವಿಮಾನ ಇಳಿಯುತ್ತಿತ್ತು. ಸೂರ್ಯ ಮುಳುಗುವ ಹೊತ್ತಿಗೆ ನೆಂಟರು ಬರತೊಡಗಿದರು. ನಾವು ಗಿಡಗಳ ಮರೆಯಲ್ಲಿ ನಿಂತು ನೋಡುತ್ತಿದ್ದೆವು. ಬಾಮೈದನ ಮುಖದಲ್ಲಿ ಮದುವಣಗಿತ್ತಿಯ ತಂದೆಗಿಂತ ಹೆಚ್ಚಿನ ಹೆಮ್ಮೆ ಇತ್ತು.

ಮೊದಲು ಕೂತವರು ಭಾರಿ ಮೈಕಟ್ಟಿನ ಒಬ್ಬ ಯಜಮಾನರು. ಬಿಳಿ ಜುಬ್ಬ, ಕಿವಿಯಲ್ಲಿ ಫೋನು. ಕೂತರು, ಕಾಲ ಮೇಲೆ ಕಾಲು ಹಾಕಿಕೊಂಡರು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಉರುಳೆಯ ಹೊಟ್ಟೆ ಉಬ್ಬಿತು. ನೇರಳೆ ಹುರಿಯ ತುದಿ ಮೆಲ್ಲಗೆ ಹೊರಗೆ ಬಂದು, ಸುತ್ತು ಸುತ್ತಾಗಿ ಬಿಚ್ಚಿಕೊಳ್ಳತೊಡಗಿತು. ಯಜಮಾನರು ಲಿಫ್ಟಿನಲ್ಲಿ ಇಳಿಯುವಂತೆ ಒಂದೇ ಸಮನೆ ಕೆಳಗಿಳಿದರು. ಫೋನಿನಲ್ಲಿ ಮಾತು ನಿಲ್ಲಲಿಲ್ಲ. ನೆಲ ಮುಟ್ಟಿದ ಮೇಲೆ ಹುಲ್ಲಿಗೆ ಆರಾಮವಾಗಿ ಒರಗಿ, "ಇಲ್ಲ ಇಲ್ಲ, ನಾನು ಕೂತಿದೀನಿ, ಹೇಳಿ" ಎಂದರು. ಕುರ್ಚಿಯ ಗುಣವೇ ಹಾಗೆಂದು ಅವರು ತಿಳಿದಿರಬೇಕು.

ಆಮೇಲೆ ಒಂದೊಂದಾಗಿ ಎಲ್ಲ ಕಡೆ ಶುರುವಾಯಿತು. ಒಂದೇ ಉರುಳೆ ಹಂಚಿಕೊಂಡು ಗುಟ್ಟು ಮಾತಾಡುತ್ತಿದ್ದ ಇಬ್ಬರು ಹೆಂಗಸರು ಎರಡು ದಿಕ್ಕಿಗೆ ಇಳಿದರು. ಅಲಂಕಾರದ ಹುಡುಗಿ ಕೈಯಲ್ಲಿದ್ದ ವಾಕಿ ಟಾಕಿಗೆ, "ಗೆಸ್ಟ್‌ಗಳು ಕೆಳಗೆ ಹೋಗ್ತಿದಾರೆ! ಎಲ್ರೂ ಕೆಳಗೆ ಹೋಗ್ತಿದಾರೆ!" ಎಂದು ಚೀರಿದಳು.

ನಾವು ಓಡಿದೆವು. ನಾನು ಹುರಿ ಹಿಡಿದು ಗಂಟು ಹಾಕಹೋದರೆ ಬಿಗಿಯುವ ಮೊದಲೇ ಅದು ಜಾರಿ ಬಿಚ್ಚಿಕೊಂಡಿತು. ತಲೆಯೆತ್ತದೆ ನೆಂಟರ ಕಾಲುಗಳ ನಡುವೆ ತೆವಳಾಡಿದೆ. ಬಾಮೈದ ಇನ್ನೇನು ಒಡೆಯಲಿದ್ದ ಒಂದು ಉರುಳೆಯನ್ನು ಹಿಂದಿನಿಂದ ಎರಡೂ ತೋಳಲ್ಲಿ ತಬ್ಬಿ ಹಿಡಿದ. ಅದರ ಮೇಲೆ ಕೂತಿದ್ದ ಹೆಂಗಸಿಗೆ ಅದು ಗೊತ್ತೇ ಆಗಲಿಲ್ಲ. ಆಕೆ ಒಂದು ತಟ್ಟೆ ಪಾನಿಪುರಿ ಮುಗಿಸಿ ಇನ್ನೊಂದು ತರಿಸಿಕೊಂಡಳು. ಬಾಮೈದ ಹುಲ್ಲಿಗೆ ಕೆನ್ನೆಯೊತ್ತಿ, "ಬಾವ, ಬೇಗ, ಬಾವ" ಎಂದು ಪಿಸುಗುಟ್ಟುತ್ತಿದ್ದ.

ಅಷ್ಟು ಹೊತ್ತಿಗೆ ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಹುಲ್ಲುಹಾಸಿನ ಮೇಲೆ ಕೂತುಬಿಟ್ಟಿದ್ದಳು. ಚೆದುರಿದ್ದ ಉದ್ದನೆಯ ರಾಗಿ ಹುಲ್ಲನ್ನು ಆಯ್ದು, ಯಾರದೋ ಬಾಟಲಿಯ ನೀರು ಚಿಮುಕಿಸಿ, ಅಂಗೈಯಲ್ಲಿ ಹೊಸೆಯತೊಡಗಿದಳು. ಕೊಯ್ಲಿನಲ್ಲಿ ತೆನೆಯ ಕಟ್ಟನ್ನು ಬಿಗಿಯಲು ಮಾಡುವ ಹುಲ್ಲಿನ ಹಗ್ಗ ಅದು. ಚಿಕ್ಕ ವಯಸ್ಸಿನಿಂದ ಲೆಕ್ಕವಿಲ್ಲದಷ್ಟು ಹೊಸೆದ ಕೈ. ನೋಡನೋಡುತ್ತಿದ್ದಂತೆ ಮಾರುದ್ದ ಆಯಿತು. ಬಾಮೈದ ತಬ್ಬಿಕೊಂಡಿದ್ದ ಉರುಳೆಯ ಬಳಿ ಹೋಗಿ, "ಸ್ವಲ್ಪ ಏಳವ್ವ" ಎಂದಳು. ಹೆಂಗಸು ಎದ್ದು, ಕೆಳಗೊಬ್ಬ ಗಂಡಸಿರುವುದನ್ನು ಕಂಡು ಕಿಟಾರನೆ ಕಿರುಚಿದಳು. ಅಮ್ಮ ಹಗ್ಗ ಸುತ್ತಿ, ತಿರುಚಿ, ತುದಿಯನ್ನು ಒಳಗೆ ತುರುಕಿ, "ಕೂತ್ಕೋ ಈಗ" ಎಂದಳು. ಉರುಳೆ ಅಲುಗಲಿಲ್ಲ.

ಕಿರುಚಾಟ ಕೇಳಿ ಮದುವೆಯ ಹುಡುಗಿಯೇ ಬಂದಳು. ನಾನು ಬೈಗುಳಕ್ಕೆ ಸಿದ್ಧನಾಗಿ ಕೈಕಟ್ಟಿ ನಿಂತೆ. ಅವಳೋ ಅಮ್ಮನ ಎದುರು ಲಂಗ ಹರಡಿಕೊಂಡು ಕೂತು, "ಅಜ್ಜಿ, ನಂಗೂ ಹೇಳ್ಕೊಡಿ" ಎಂದಳು. ಮದರಂಗಿಯ ಕೈಗೆ ಹುಲ್ಲು ಕೊಟ್ಟ ಅಮ್ಮ ಎರಡು ನಿಮಿಷ ನೋಡಿ, "ಅಷ್ಟು ಬಿಗಿಯಾಗಿ ಹಿಡೀಬೇಡ ಕಣೇ, ಅದು ಹುಲ್ಲು, ಗಂಡ ಅಲ್ಲ" ಎಂದಳು. ನೆಂಟರೆಲ್ಲ ಗೊಳ್ಳೆಂದರು. ಅಷ್ಟೇ, ಎಲ್ಲರಿಗೂ ಹುಲ್ಲು ಹೊಸೆಯಬೇಕಾಯಿತು. ಜುಬ್ಬದ ಯಜಮಾನರೂ ಫೋನು ಜೇಬಿಗಿಟ್ಟು ಸಾಲಿನಲ್ಲಿ ಕೂತರು. ಹೊಸೆದದ್ದರಲ್ಲಿ ಹಗ್ಗ ಎನ್ನಬಹುದಾದದ್ದು ನಾಲ್ಕೋ ಐದೋ. ಮಿಕ್ಕಿದ್ದು ಹಕ್ಕಿಗೂಡು. ಕುಣಿತಕ್ಕೆಂದು ಮಾಡಿದ್ದ ವೇದಿಕೆಯ ತುಂಬ ಹುಲ್ಲು ಹರಡಿ, ಕುಣಿಯಹೋದ ವರನ ಕಡೆಯವರಿಬ್ಬರು ಜಾರಿ ಬಿದ್ದರು. ಅಲಂಕಾರದ ಹುಡುಗಿ ನಮ್ಮ ಮೇಲೆ ಸಿಟ್ಟು ಮಾಡಬೇಕೋ ಬೇಡವೋ ತಿಳಿಯದೆ ಕೊನೆಗೆ ನಮಗೂ ಒಂದೊಂದು ತಟ್ಟೆ ಪಾನಿಪುರಿ ಕೊಡಿಸಿದಳು.

ಮಾರನೆಯ ಬೆಳಿಗ್ಗೆ ಹುಲ್ಲನ್ನೆಲ್ಲ ಗುಡಿಸಿಕೊಂಡು ಬಂದೆವು. ಅದಕ್ಕೆ ಅತ್ತರಿನ ವಾಸನೆ ಹತ್ತಿತ್ತು. ಹಸು ಮೂಸಿ ಮುಖ ತಿರುಗಿಸಿತು. ನಾನು ಬೇಲರಿನ ಕೆಳಗೆ ಮಲಗಿ, ಮೊದಲ ಸಲ ಅದು ಕೆಲಸ ಮಾಡುವ ಬಗೆಯನ್ನು ಕಣ್ಣಿಟ್ಟು ನೋಡಿದೆ. ಒಂದು ಕಬ್ಬಿಣದ ಕೈ ಹುರಿಯನ್ನು ಆ ತುದಿಯಿಂದ ಈ ತುದಿಗೆ ಸುತ್ತುತ್ತದೆ. ಒಂದು ಚಾಕು ಕತ್ತರಿಸುತ್ತದೆ. ಮುಗಿಯಿತು.

"ಗಂಟು ಎಲ್ಲಿ ಹಾಕ್ತದೋ?" ಎಂದು ಅಮ್ಮ ಮೇಲಿನಿಂದ ಕೇಳಿದಳು.

"ಹಾಕಲ್ಲ."

"ಹಂಗಾದ್ರೆ ದಾರವೇ ಹುಲ್ಲನ್ನ ಕಚ್ಕೋಬೇಕು. ನಡಿ, ನಾನೇ ಬರ್ತೀನಿ."

ದೊಡ್ಡಬಳ್ಳಾಪುರದ ಗೋಣಿ ವ್ಯಾಪಾರಿಯ ಅಂಗಡಿಯಲ್ಲಿ ಅಮ್ಮ ಒಂದೊಂದು ಉಂಡೆಯಿಂದ ಎರಡು ಎಳೆ ಬಿಡಿಸಿ, ಒಂದರ ಮೇಲೊಂದು ಉಜ್ಜಿ, ಕಿವಿಯ ಹತ್ತಿರ ಹಿಡಿದು ಕೇಳಿದಳು. "ಅಮ್ಮಾ, ಅದು ವೀಣೆ ಅಲ್ಲ" ಎಂದ ವ್ಯಾಪಾರಿ. ಅಮ್ಮ ಕಿವಿಗೊಡಲಿಲ್ಲ. ನುಣ್ಣಗಿದ್ದದ್ದು, ಸಣ್ಣಗಿದ್ದದ್ದು, ಒಂದು ಕಡೆ ದಪ್ಪ ಒಂದು ಕಡೆ ಸಪೂರ ಇದ್ದದ್ದು ಎಲ್ಲವನ್ನೂ ಆಚೆ ತಳ್ಳಿದಳು. ಕೊನೆಗೆ, ಉಜ್ಜಿದರೆ ಗರಗರ ಎನ್ನುವ, ಎಣ್ಣೆ ಹಚ್ಚಿದ, ಒರಟು ಸೆಣಬಿನ ಹುರಿಯೊಂದು ಸಿಕ್ಕಿತು. ಆ ಸುಗ್ಗಿಯ ಹುಲ್ಲಿಗೆಲ್ಲ ಅದೇ ಹುರಿ ನಡೆಯಿತು. ಒಂದು ಉರುಳೆಯೂ ಬಿಚ್ಚಿಕೊಳ್ಳಲಿಲ್ಲ.

ಆದರೆ ಅದನ್ನು ಮನೆಗೆ ತಂದದ್ದು ಬಸ್ಸಿನಲ್ಲಿ. ಹುರಿಗೆ ಹಚ್ಚಿದ್ದ ಎಣ್ಣೆಯ ವಾಸನೆ ಬಸ್ಸಿನ ತುಂಬ ಹರಡಿತು.

"ಯಾರ್ರೀ ಸೀಮೆಎಣ್ಣೆ ತಂದಿರೋದು? ಇಳೀರಿ, ಇಳೀರಿ!" ಎಂದು ಕಂಡಕ್ಟರ್ ಕೂಗಿದ.

ಅಮ್ಮ ಒಂದು ಉಂಡೆಯನ್ನು ಎತ್ತಿ ಅವನ ಮೂಗಿಗೆ ಹಿಡಿದಳು. "ಮೂಸು. ದಾರ ಕಣಪ್ಪ ಇದು." ಅವನು ಮೂಸಿ ಮೂರು ಸಲ ಸೀನಿದ. ನೆಗಡಿಗೆ ಒಳ್ಳೆಯದಿರಬಹುದೆಂದು ಯಾರೋ ಅಂದರು. ಉಂಡೆ ಕೈಯಿಂದ ಕೈಗೆ ದಾಟಿ, ಎಲ್ಲರ ಮೂಗನ್ನೂ ಮುಟ್ಟಿ, ಹಿಂದಿನ ಸೀಟಿನವರೆಗೂ ಹೋಯಿತು. ನಮ್ಮ ಸ್ಟಾಪ್ ಬಂದಾಗ ನೋಡಿದರೆ, ಅದರ ತುದಿ ಇನ್ನೂ ಅಮ್ಮನ ಕೈಯಲ್ಲೇ ಇತ್ತು. ಮಿಕ್ಕಿದ್ದು ಸೀಟುಗಳ ಕಂಬಿ, ಚೀಲಗಳು, ಜನರ ಕಾಲುಗಳ ನಡುವೆ ಬಸ್ಸಿನ ಉದ್ದಕ್ಕೂ ಹೆಣೆದುಕೊಂಡಿತ್ತು. ಕಂಡಕ್ಟರ್ ಸೀಟಿಯನ್ನು ಬಾಯಲ್ಲಿಟ್ಟುಕೊಂಡು, ಊದಲಾರದೆ, ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದ. ಜನರೆಲ್ಲ ಕಾಲೆತ್ತಿ ಕೂತರು. ನಾನು ಬಗ್ಗಿಕೊಂಡು ಹಿಂದಿನ ಸೀಟಿನಿಂದ ಹುರಿ ಸುತ್ತುತ್ತಾ ಬಂದೆ. ಅಮ್ಮ ಆಗಲೇ ಕೆಳಗಿಳಿದು, ಕಿಟಕಿಯಿಂದ ಕೂಗುತ್ತಿದ್ದಳು: "ಎಳೀಬೇಡ ಕಣೋ, ಯಾರಾದ್ರೂ ಬಿದ್ದಾರು. ಸುತ್ಕೊಂಡು ಬಾ!"