ಬಾಯಲ್ಲಿ ಸಕ್ಷನ್, ಪಕ್ಕದಲ್ಲಿ ನಾಗವೇಣಿ

ಕಳೆದ ವಾರ ಹಗರಿಬೊಮ್ಮನಹಳ್ಳಿಯಲ್ಲಿ ನಾನು ಒಂದೇ ಒಂದು ಪ್ರಶ್ನೆ ಬಿಟ್ಟರೆ ಅರ್ಧ ಗಂಟೆ ಏನೂ ಮಾತಾಡದೆ ಕುಳಿತಿದ್ದೆ. ನನ್ನನ್ನು ಬಲ್ಲ ನೀವು ಯಾರೂ ನಂಬುವುದಿಲ್ಲ. ನನ್ನ ಹೆಂಡತಿಯಂತೂ ಸಾಕ್ಷಿ ಕೇಳಿದಳು.

ಕಾರಣ ಇಷ್ಟೇ. ದವಡೆ ಹಲ್ಲು ತೂತಾಗಿತ್ತು. ಡೆಂಟಿಸ್ಟ್ ಕುರ್ಚಿ. ಬಾಯಲ್ಲಿ ಸಕ್ಷನ್.

ಸಕ್ಷನ್ ಗೊತ್ತಲ್ಲ? (ಗೊತ್ತಿಲ್ಲದಿದ್ದರೆ ನೀವು ಪುಣ್ಯವಂತರು, ಹಲ್ಲು ಗಟ್ಟಿ ಇವೆ.) ಒಂದು ಸಣ್ಣ ಕೊಳವೆ, ಕೊಡೆಯ ಹಿಡಿಯಂತೆ ಬಾಗಿದ್ದು. ತುಟಿಗೆ ತಗುಲಿಹಾಕಿದರೆ ಗುರ್ ಗುರ್ ಎನ್ನುತ್ತಾ ಉಗುಳನ್ನು ಎಳೆದುಕೊಳ್ಳುತ್ತಿರುತ್ತದೆ. ಇನ್ನೊಂದು ದಪ್ಪನೆಯದು. ಡ್ರಿಲ್ ನೀರು ಚಿಮ್ಮಿಸುವಾಗ ಸಹಾಯಕಿ ಅದನ್ನು ಹಲ್ಲಿನ ಪಕ್ಕದಲ್ಲೇ ಹಿಡಿದಿರುತ್ತಾಳೆ. ನೀರು, ಹಲ್ಲಿನ ಪುಡಿ ಗಂಟಲಿಗೆ ಇಳಿಯುವ ಮೊದಲೇ ಅದು ಸೆಳೆದುಕೊಳ್ಳುತ್ತದೆ. ಮೊದಲೆಲ್ಲ ಆಗಾಗ ಎದ್ದು ಪಕ್ಕದ ಬೋಗುಣಿಗೆ ಉಗುಳಬೇಕಿತ್ತು. ಆ ನೆಪದಲ್ಲಿ ನಾಲ್ಕು ಮಾತಾಡಬಹುದಿತ್ತು. ಈಗ ಅದೂ ಇಲ್ಲ.

ಆ ದಿನದ ಸಹಾಯಕಿ ಮಾಸ್ಕ್ ಹಾಕಿದ್ದಳು. "ಬಾಯಿ ಅಗಲ ತಗೀರಿ ಸಾರ್. ತುಟಿ ಬಿಗೀಬ್ಯಾಡ್ರಿ." ಅಷ್ಟೇ ಮಾತು. ಕೊರೆಯುವುದು ಮುಗಿಯಿತು. ಡಾಕ್ಟರು ಹಲ್ಲಿನ ಸುತ್ತ ಹತ್ತಿ ಇಟ್ಟು, ಗಾಳಿ ಊದಿ ಒಣಗಿಸಿ, ತೂತು ತುಂಬುವ ಸಿಮೆಂಟ್ ಕಲಸಲು ತಿರುಗಿದರು.

ಕರೆಂಟ್ ಹೋಯಿತು.

ಕೊಳವೆಯ ಗುರುಗುರು ನಿಂತಿತು. "ಜನರೇಟರ್ ಹಚ್ಚಿ ಬರ್ತೀನಿ. ಬಾಯಿ ಮುಚ್ಚಬೇಡಿ" ಎಂದು ಡಾಕ್ಟರು ಹಿತ್ತಲಿಗೆ ಹೋದರು. ಅವರು ಅತ್ತ ಹೋದದ್ದೇ ತಡ, ಸಹಾಯಕಿಯ ದನಿ ಬದಲಾಯಿತು.

"ಕಾನಹೊಸಹಳ್ಳಿ ಕೊಟ್ರೇಶಿ ಅಲ್ಲೇನಲೇ ನೀನು?"

ನಾನು "ಆಂ" ಎಂದೆ.

"ಮುಚ್ಚಬ್ಯಾಡ! ಹಲ್ಲು ಒಣಗಿಸಿಟ್ಟಾರ. ಉಗುಳು ತಾಗಿದ್ರ ಸಿಮೆಂಟು ಕೂರಂಗಿಲ್ಲ. ಸುಮ್ನ ಕೇಳು. ಚೀಟಿಮ್ಯಾಗ ಹೆಸರು ನೋಡಿದ ಕೂಡ್ಲೆ ಗುರ್ತು ಹತ್ತಿತು. ಕೂದ್ಲು ಎಲ್ಲಿ ಮಾರಿದ್ಯೋ?"

ಮಾಸ್ಕ್ ಕೆಳಗೆ ಸರಿಸಿದಳು. ನಾಗವೇಣಿ!

ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವನು ನಾನೇ ಮೊದಲು. (ಇದನ್ನು ಇಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಇನ್ನೂ ಬರೆಯುತ್ತೇನೆ. ಕಷ್ಟಪಟ್ಟು ಗಳಿಸಿದ್ದನ್ನು ಪಿಸುಮಾತಲ್ಲಿ ಯಾಕೆ ಹೇಳಬೇಕು?) ಆದರೆ ನಮ್ಮ ಓಣಿಯಿಂದ ಕೊಟ್ಟೂರಿನ ಕಾಲೇಜಿಗೆ ಹೋಗುತ್ತಿದ್ದವರು ಇಬ್ಬರು. ನಾನು, ನಾಗವೇಣಿ. ಬೆಳಗಿನ ಬಸ್ಸಿಗೆ ನಾನು ಮೊದಲೇ ಹತ್ತಿ, ಪಕ್ಕದ ಸೀಟಿನ ಮೇಲೆ ನೋಟ್ಸ್ ಇಟ್ಟು ಹಿಡಿಯುತ್ತಿದ್ದೆ. ಅವಳು ಬಂದವಳೇ ಆ ನೋಟ್ಸ್ ಕಿತ್ತುಕೊಂಡು ದಾರಿಯುದ್ದಕ್ಕೂ ಪ್ರಶ್ನೆ ಕೇಳುತ್ತಿದ್ದಳು. ತಪ್ಪಿದರೆ ಇಡೀ ಬಸ್ಸಿಗೆ ಕೇಳುವಂತೆ ಬೈಗುಳ. ನಾನು ಓದಿದ್ದು ಕಾಲೇಜಿನಲ್ಲಿ ಅಲ್ಲ, ಆ ಬಸ್ಸಿನಲ್ಲಿ.

ಕೊನೆಯ ವರ್ಷದ ಕೊನೆಯ ಪೇಪರ್, ಇತಿಹಾಸ. ಆ ಬೆಳಿಗ್ಗೆ ನಾಗವೇಣಿ ಬರಲಿಲ್ಲ. ಕೊಟ್ಟೂರಿನವರೆಗೂ ಆ ಸೀಟಿನಲ್ಲಿ ನಾನು ಯಾರನ್ನೂ ಕೂರಿಸಲಿಲ್ಲ. ಎಷ್ಟು ಜನ ಬೈದರು! ತಿಂಗಳೊಪ್ಪತ್ತಿನಲ್ಲಿ ಅವಳ ಮದುವೆಯಾಯಿತು ಎಂದು ಕೇಳಿದೆ. ಆಮೇಲೆ ಎಷ್ಟು ಬಸ್ಸು ಹತ್ತಿದ್ದೇನೋ, ಪಕ್ಕದ ಸೀಟು ಖಾಲಿ ಇದ್ದರೆ ಕಣ್ಣು ಬಾಗಿಲ ಕಡೆ ಹೋಗುತ್ತದೆ. ಇದು ಪ್ರೀತಿಯೋ? ನನಗೆ ಗೊತ್ತಿಲ್ಲ. ನೀವೇ ಏನಾದರೂ ಹೆಸರಿಡಿ.

ಈಗ ಅವಳು ನನ್ನ ಮುಖದ ಮೇಲೆ ಬಾಗಿ, ಒದ್ದೆಯಾದ ಹತ್ತಿ ತೆಗೆದು ಹೊಸ ಹತ್ತಿ ಇಡುತ್ತಿದ್ದಾಳೆ. ಸಕ್ಷನ್ ಇಲ್ಲದೆ ಬಾಯಿ ತುಂಬುತ್ತಿದೆ. ಕೇಳಬೇಕಾದದ್ದು ಒಂದೇ. ಡಾಕ್ಟರು ಈಗಲೋ ಆಗಲೋ ಬರುತ್ತಾರೆ. ಹಲ್ಲು ದೊಡ್ಡದೋ, ಮಾತು ದೊಡ್ಡದೋ?

ಬಾಯಿ ಮುಚ್ಚಿದೆ. ನುಂಗಿದೆ. ಹತ್ತಿಯ ಸಂದಿಯಿಂದಲೇ ಕೇಳಿದೆ: "ಅವತ್ತು ಯಾಕ ಬರ್ಲಿಲ್ಲ?"

"ಕೆಡಿಸಿದಿ ನೋಡು!" ಎಂದಳು. ನಕ್ಕಳು. ಆಮೇಲೆ ನಗು ನಿಲ್ಲಿಸಿದಳು.

"ಮಾಗಳದ ಗಂಡಿನ ಕಡೇರು ಅವತ್ತ ನನ್ನ ನೋಡಾಕ ಬಂದ್ರು. ಪರೀಕ್ಷಿ ಅಕ್ಟೋಬರಿಗೂ ಬರತೈತಿ, ಇಂಥಾ ಗಂಡು ಬರತೈತೇನು ಅಂದ ಅಪ್ಪ. ಗಂಡು ಒಳ್ಳೇವ್ನ, ಸುಳ್ಳು ಹೇಳಬಾರದು. ಅಕ್ಟೋಬರು ಮಾತ್ರ ಬರಲೇ ಇಲ್ಲ ನೋಡು. ಈಗ ಈ ಊರಾಗ ಅಂಗಡಿ ಇಟ್ಟೀವಿ, ನಾನು ಇಲ್ಲಿ ಕೆಲ್ಸಕ್ಕ ಬರ್ತೀನಿ."

ಒದ್ದೆಯಾದ ಹತ್ತಿಯನ್ನು ಮತ್ತೆ ಬದಲಿಸುತ್ತಾ ಕೇಳಿದಳು.

"ಲೇ, ವಿಜಯನಗರದ ಪತನಕ್ಕ ಕಾರಣ ಬಂದೇ ಬರತೈತಿ ಅಂತ ಹಿಂದಿನ ದಿನ ಬಸ್ಸಿನ್ಯಾಗ ಹೇಳಿದ್ನಲ್ಲ? ಬಂದಿತ್ತೇನು?"

ಹಿತ್ತಲಲ್ಲಿ ಜನರೇಟರ್ ಗುಡುಗಿತು. ದೀಪ ಬಂತು. ಕೊಳವೆ ಮತ್ತೆ ಗುರ್ ಎಂದಿತು. ಮಾಸ್ಕ್ ಮೇಲೇರಿತು. "ಬಾಯಿ ತಗೀರಿ ಸಾರ್" ಎಂದಳು.

ಡಾಕ್ಟರು ಇಣುಕಿ, "ಪೂರ್ತಿ ಒದ್ದೆ! ಬಾಯಿ ಮುಚ್ಚಿದ್ರಾ?" ಎಂದರು.

"ಇಲ್ರಿ ಸಾರ್, ಸಕ್ಷನ್ ನಿಂತು ಉಗುಳು ತುಂಬಿತು" ಎಂದು ಅವಳೇ ನನ್ನನ್ನು ಉಳಿಸಿದಳು. ಡಾಕ್ಟರು ತಾತ್ಕಾಲಿಕ ಮದ್ದು ತುಂಬಿ, ಈ ಗುರುವಾರ ಮತ್ತೆ ಬರಲು ಹೇಳಿದರು. ಅಷ್ಟರಲ್ಲಿ ಹೊರಗೆ ಇನ್ನೊಬ್ಬರು ದವಡೆ ಹಿಡಿದುಕೊಂಡು ಕಾಯುತ್ತಿದ್ದರು. ಕೊಳವೆಯನ್ನು ಹೊರತೆಗೆಯುವಾಗ ಅವಳು ನನ್ನನ್ನೇ ನೋಡುತ್ತಿದ್ದಳು. ಉತ್ತರಕ್ಕಾಗಿ.

ಕೊಳವೆ ಹೊರಬಂದ ಮೇಲೂ ಏನು ಹೇಳಲಿ? ನೆನಪಿಲ್ಲ. ಒಂದೇ ಒಂದು ಪ್ರಶ್ನೆಯೂ ನೆನಪಿಲ್ಲ. ಬರೆದವನು ಮರೆತಿದ್ದೇನೆ. ಬರೆಯದವಳು ಇನ್ನೂ ಆ ಪರೀಕ್ಷೆಗೆ ಓದಿಕೊಂಡೇ ಕುಳಿತಿದ್ದಾಳೆ.

ಆಗ ಜೊತೆಗೆ ಓದಿದ ಗೆಳೆಯನನ್ನು ಕೇಳಿದೆ. "ಪಾಸಾದಿ, ನೌಕರಿ ಹತ್ತಿತು. ಈಗ ಯಾಕಲೇ ಅದು?" ಎಂದು ನಕ್ಕ. ಸುಮ್ಮನೆ 'ಬಂದಿತ್ತು' ಎಂದುಬಿಡಬಹುದು. ತನ್ನ ಊಹೆ ಗೆದ್ದಿತು ಎಂದು ಅವಳಿಗೆ ಖುಷಿಯಾದೀತು. ಗೆಲ್ಲುವುದನ್ನು ಬಿಟ್ಟು ಬಂದೆನಲ್ಲ ಎಂದು ಸಂಕಟವೂ ಆದೀತು. ಆದರೆ ನಾಗವೇಣಿಗೆ ತಪ್ಪು ಉತ್ತರ ಕೊಟ್ಟು ನನಗೆ ಅಭ್ಯಾಸವಿದೆ, ಸುಳ್ಳು ಉತ್ತರ ಕೊಟ್ಟು ಇಲ್ಲ.

ಆ ವರ್ಷ ಕೊಟ್ಟೂರಿನಲ್ಲಿ ನಮ್ಮ ಜೊತೆ ಬಿ.ಎ. ಕೊನೆಯ ಪೇಪರ್ ಬರೆದವರು ಇದನ್ನು ಓದುತ್ತಿದ್ದರೆ, ಗುರುವಾರದೊಳಗೆ ತಿಳಿಸುತ್ತೀರಾ: ವಿಜಯನಗರದ ಪತನಕ್ಕೆ ಕಾರಣಗಳೇನು ಎಂದು ಅವತ್ತು ಕೇಳಿದ್ದರೇ?